ಮೂರು ಪದ ಇದ್ದರೆ ವರ್ಗ ಬಹುಪದೋಕ್ತಿಯೇ?

ಒಂಬತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುವಾಗ ನನಗೆ ರೇಗುವುದು ಒಂದೇ ಕಡೆ. ಎಕ್ಸ್⁵ + ಎಕ್ಸ್ + 1 ಎಂಬ ಬಹುಪದೋಕ್ತಿ (ಕೂಡಿಸುವ, ಕಳೆಯುವ ಚಿಹ್ನೆಗಳಿಂದ ಜೋಡಿಸಿದ ಪದಗಳ ಸಾಲು) ಕೊಟ್ಟರೆ ‘ವರ್ಗ ಬಹುಪದೋಕ್ತಿ’ ಎಂದು ಬರೆದಿರುತ್ತಾರೆ. ಯಾಕಪ್ಪಾ ಅಂದರೆ, “ಮೂರು ಪದ ಉಂಟಲ್ಲ ಸಾರ್!” ಅದೇ ಮಕ್ಕಳಿಗೆ ಎಕ್ಸ್² − 9 ಕೊಟ್ಟು ನೋಡಿ, ಎರಡೇ ಪದ, ಹಾಗಾಗಿ ರೇಖಾತ್ಮಕವಂತೆ.

ತಪ್ಪು ಪೂರ್ತಿ ಮಕ್ಕಳದ್ದಲ್ಲ. ಹಲಗೆಯ ಮೇಲೆ ಬೀಳುವ ವರ್ಗದ ಉದಾಹರಣೆಗಳು ಹೆಚ್ಚಾಗಿ ಮೂರು ಪದದವು, ರೇಖಾತ್ಮಕದವು ಎರಡು ಪದದವು. ಘಾತ, ಅಂದರೆ ಎಕ್ಸ್‌ನ ಮೇಲೆ ಬರೆಯುವ ಪುಟ್ಟ ಅಂಕಿ, ನೋಡಬೇಕಾದ ಕಣ್ಣು ಪದ ಎಣಿಸಿ ಸುಮ್ಮನಾಗುತ್ತದೆ.

ಮಗಳಿಗೆ ಕಳೆದ ಅರ್ಧ ಅಂಕ ಕೇಳಲು ಗೋಣಿಕೊಪ್ಪದ ಕಡೆಯ ಬೆಳೆಗಾರರೊಬ್ಬರು ಜುಲೈ ಮಳೆಯಲ್ಲಿ ಬಂದಿದ್ದರು. ನಾನು ಅವರ ತೋಟದ ಸುದ್ದಿ ತೆಗೆದೆ. ಸಿಲ್ವರ್ ಓಕ್ ಎಷ್ಟಿವೆ? ಅತಿ ಎತ್ತರದ್ದು ಎಷ್ಟು ಅಡಿ? ಮರ ಎಣಿಸಿದರೆ ಎತ್ತರ ಗೊತ್ತಾಗುತ್ತದೆಯೇ? ನಕ್ಕುಬಿಟ್ಟರು. ಆಮೇಲೆ ಮಾತು ಕರಿಮೆಣಸಿನ ಬೆಲೆಗೆ ಹೊರಳಿತು. ಅರ್ಧ ಅಂಕ ಮಾತ್ರ ನಾನು ಕೊಡಲಿಲ್ಲ.

ಏಕಪದೋಕ್ತಿ, ದ್ವಿಪದೋಕ್ತಿ, ತ್ರಿಪದೋಕ್ತಿ ಅನ್ನುವುದು ಪದಗಳ ಎಣಿಕೆಯಿಂದ. ರೇಖಾತ್ಮಕ, ವರ್ಗ, ಘನ ಅನ್ನುವುದು ಮಹತ್ತಮ ಘಾತ 1, 2, 3 ಆಗಿರುವುದರಿಂದ. ಎರಡು ಬೇರೆ ಪ್ರಶ್ನೆಗಳು, ಎರಡು ಬೇರೆ ಉತ್ತರಗಳು. ಎಕ್ಸ್² − 9 ವರ್ಗವೂ ಹೌದು, ದ್ವಿಪದೋಕ್ತಿಯೂ ಹೌದು. 5ಎಕ್ಸ್³ ಘನ, ಆದರೆ ಇರುವುದು ಒಂದೇ ಪದ. ಎಕ್ಸ್¹⁰⁰ + 1 ಕೂಡ ಬರೀ ದ್ವಿಪದೋಕ್ತಿಯೇ, ಹೆದರಬೇಡಿ.

ಎರಡಕ್ಕೂ ಸಂಬಂಧವೇ ಇಲ್ಲ ಎಂದೂ ಹೇಳಲಾರೆ. ಚರಾಕ್ಷರ ಒಂದೇ ಇದ್ದು, ಸಜಾತಿ ಪದಗಳನ್ನು, ಅಂದರೆ ಒಂದೇ ಘಾತದವನ್ನು, ಕೂಡಿಸಿ ಆಗಿದ್ದರೆ, ವರ್ಗಕ್ಕೆ ಮೂರಕ್ಕಿಂತ ಹೆಚ್ಚು ಪದ ಇರುವ ಹಾಗಿಲ್ಲ, ಘನಕ್ಕೆ ನಾಲ್ಕಕ್ಕಿಂತ. ಕಡಿಮೆ ಧಾರಾಳವಾಗಿ ಇರಬಹುದು. ಸಹಗುಣಕ (ಎಕ್ಸ್‌ನ ಮುಂದೆ ನಿಂತು ಗುಣಿಸುವ ಸಂಖ್ಯೆ) ಸೊನ್ನೆಯಾದ ಪದ ಕಾಣಿಸುವುದೇ ಇಲ್ಲ. ಎಕ್ಸ್ + ವೈ + ಝಡ್ ಬಂತೆಂದರೆ ಈ ಮಿತಿಯೂ ನಿಲ್ಲುವುದಿಲ್ಲ: ಪದ ಮೂರು, ಮಹತ್ತಮ ಘಾತ ಬರೀ 1.

ಕೂಡಿಸಿ ಆಗಿದ್ದರೆ ಎಂದೆನಲ್ಲ, ಅದನ್ನು ಹಾರಿಸುವವರು ಸಾಮಾನ್ಯವಾಗಿ ಜಾಣ ಮಕ್ಕಳು. (ಎಕ್ಸ್ + 1)² − ಎಕ್ಸ್² ಕಂಡ ಕೂಡಲೇ ‘ವರ್ಗ’ ಎಂದು ಗೀಚಿ ಪೆನ್ನು ಕೆಳಗಿಡುತ್ತಾರೆ. ಬಿಡಿಸಿದರೆ ಉಳಿಯುವುದು 2ಎಕ್ಸ್ + 1.

ಇನ್ನು ಸ್ಥಿರಾಂಕಗಳು. 7ರ ಘಾತ ಸೊನ್ನೆ, ತಕರಾರಿಲ್ಲ. ಶೂನ್ಯ ಬಹುಪದೋಕ್ತಿಗೆ, ಅಂದರೆ ಬರೀ 0ಗೆ, ಮಾತ್ರ ಶಾಲೆಯ ಪುಸ್ತಕ ಘಾತವನ್ನೇ ನಿರೂಪಿಸುವುದಿಲ್ಲ. ಎಕ್ಸ್‌ನ ಯಾವ ಘಾತವನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆಯೇ ತಾನೆ, ಅದರಲ್ಲಿ ದೊಡ್ಡದು ಯಾವುದೆಂದು ಹೇಳುವುದು?