ಪಾದೂರಿನ ಬಂಡೆಯೊಳಗಿನ ಎಣ್ಣೆ

ಕಾಪುವಿನಿಂದ ಒಳನಾಡಿಗೆ ತಿರುಗಿ ಪಾದೂರಿನತ್ತ ಹೋಗುವವರ ಕಣ್ಣಿಗೆ ಬೀಳುವುದು ಗದ್ದೆ, ತೆಂಗಿನ ತೋಟ, ಮುರಕಲ್ಲಿನ ಗೋಡೆ. ಅಲ್ಲಿಯ ನೆಲದಡಿಯ ಕಗ್ಗಲ್ಲಿನಲ್ಲಿ ಕೊರೆದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುತ್ತದೆ. ಮಂಗಳೂರಿನ ಪೆರ್ಮುದೆಯಲ್ಲಿ ಇನ್ನೂ 15 ಲಕ್ಷ ಟನ್ನಿಗೆ ಜಾಗವಿದೆ. ವಿಶಾಖಪಟ್ಟಣದ 13.3 ಲಕ್ಷ ಟನ್ನನ್ನೂ ಲೆಕ್ಕಕ್ಕೆ ಹಿಡಿದರೆ, ದೇಶದ ಆಪತ್ಕಾಲದ ತೈಲದಾಸ್ತಾನಿನ ಮುಕ್ಕಾಲು ಪಾಲು ಅವಿಭಜಿತ ದಕ್ಷಿಣ ಕನ್ನಡದಲ್ಲೇ ಇದೆ.

ಈ ಗುಹೆಗಳಿಗೆ ಉಕ್ಕಿನ ಒಳಪದರವಿಲ್ಲ. ಬಿರುಕಿಲ್ಲದ ಬಂಡೆಯೂ ಇಲ್ಲ. ಹಾಗಿದ್ದರೂ ಎಣ್ಣೆ ಸೋರಿಹೋಗದಿರಲು ಕಾರಣ ನೀರು. ಬಿರುಕುಗಳಲ್ಲಿ ತುಂಬಿರುವ ಅಂತರ್ಜಲದ ಒತ್ತಡ ಗುಹೆಯೊಳಗಿನ ತೈಲ ಮತ್ತು ಆವಿಯ ಒತ್ತಡಕ್ಕಿಂತ ಹೆಚ್ಚಿರುವುದರಿಂದ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಕ್ಕೆ ಹೋಗುವುದಿಲ್ಲ. ಜಿನುಗಿದ ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ, ಅಲ್ಲಿಂದ ಪಂಪಿನ ಮೂಲಕ ಅದನ್ನು ಮೇಲೆತ್ತುತ್ತಾರೆ. ಬೇಸಿಗೆಯಲ್ಲೂ ಒತ್ತಡ ಕುಂದದಿರಲೆಂದು ಗುಹೆಯ ಮೇಲ್ಗಡೆ ಸುರಂಗ ತೋಡಿ, ಅಲ್ಲಿಂದ ಕೊಳವೆಗಳನ್ನು ಕೊರೆದು ನೀರು ತುಂಬಿಸುತ್ತಾರೆ. ಇದಕ್ಕೆ ಜಲಪರದೆ ಎಂದು ಹೆಸರು.

ಇಂಥ ದಾಸ್ತಾನಿನ ಯೋಚನೆ ಕೊಳ್ಳುವವರ ಹೆದರಿಕೆಯಿಂದ ಹುಟ್ಟಿದ್ದು. 1973ರಲ್ಲಿ ಅರಬ್ ದೇಶಗಳು ಕೆಲವು ರಾಷ್ಟ್ರಗಳಿಗೆ ತೈಲ ನಿಲ್ಲಿಸಿದಾಗ ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಮರುವರ್ಷ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಸ್ಥಾಪನೆಯಾಯಿತು. ಅದರ ಸದಸ್ಯ ದೇಶಗಳು 90 ದಿನಗಳ ಆಮದಿಗೆ ಸಮನಾದ ತೈಲವನ್ನು ಕೂಡಿಡಬೇಕೆಂಬ ನಿಯಮ ಬಂತು. ಫ್ರಾನ್ಸ್ ಅಣುವಿದ್ಯುತ್ತಿನತ್ತ ಹೊರಳಿತು, ಜಪಾನ್ ಇಂಧನ ಉಳಿತಾಯಕ್ಕೆ ಇಳಿಯಿತು, ಉತ್ತರ ಸಮುದ್ರದಲ್ಲಿ ಹೊಸ ಬಾವಿಗಳು ಹರಿಯತೊಡಗಿದವು. ಪರಿಣಾಮವಾಗಿ 1986ರಲ್ಲಿ ಬೆಲೆ ಅರ್ಧಕ್ಕಿಂತ ಕೆಳಗೆ ಕುಸಿದಾಗ ತೈಲವೊಂದನ್ನೇ ನೆಚ್ಚಿದ್ದ ದೇಶಗಳ ಬೊಕ್ಕಸ ಬರಿದಾಯಿತು. ಕೊಳ್ಳುವವನ ನೀತಿ ಮಾರುವವನ ಮನೆಬಾಗಿಲು ತಟ್ಟಲು ಹನ್ನೆರಡು ಹದಿಮೂರು ವರ್ಷ ಹಿಡಿಯಿತು, ಅಷ್ಟೆ.

ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಮೇಲ್ನೋಟಕ್ಕೆ ಇದು ಪರಾಧೀನತೆ. ಆದರೆ ಇಷ್ಟು ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳಲು ಯಾವ ಮಾರಾಟಗಾರನೂ ಸಿದ್ಧನಿಲ್ಲ. ಅಮೆರಿಕದ ನಿರ್ಬಂಧದಿಂದಾಗಿ 2019ರಲ್ಲಿ ಇರಾನಿನ ತೈಲ ನಿಂತಿತು. 2022ರ ನಂತರ ರಿಯಾಯಿತಿ ದರದ ರಷ್ಯನ್ ತೈಲ, ಅಲ್ಲಿಯವರೆಗೆ ನಮ್ಮ ಆಮದಿನಲ್ಲಿ ಶೇ. 2ರಷ್ಟೂ ಇಲ್ಲದ್ದು, ಮೂರನೇ ಒಂದು ಪಾಲನ್ನು ಮೀರಿತು. ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ಸರ್ಕಾರ 2030ರ ಬದಲು 2025ಕ್ಕೇ ನಿಗದಿಮಾಡಿತು. ಇಂಥ ಒಂದೊಂದು ನಿರ್ಧಾರವೂ ಕೊಲ್ಲಿಯ ದೇಶಗಳಿಗೆ ಒಂದೇ ಪ್ರಶ್ನೆಯನ್ನು ಕೇಳುತ್ತದೆ: ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ಎಣ್ಣೆ ಕೊಳ್ಳುವವರು ಯಾರು?

ಆ ಪ್ರಶ್ನೆಗೆ ಸಿಕ್ಕ ಒಂದು ಉತ್ತರ ಪೆರ್ಮುದೆಯಲ್ಲಿದೆ ಎನ್ನಬಹುದು. ಅಬುಧಾಬಿಯ ರಾಷ್ಟ್ರೀಯ ತೈಲ ಕಂಪೆನಿ 2017ರ ಒಪ್ಪಂದದಂತೆ ಇಲ್ಲಿನ ಸಾಮರ್ಥ್ಯದ ಅರ್ಧದಷ್ಟನ್ನು ಪಡೆದು, 2018ರಿಂದ ತನ್ನದೇ ತೈಲವನ್ನು ಇಲ್ಲಿ ತುಂಬಿಸತೊಡಗಿತು. ತುರ್ತು ಸಂದರ್ಭದಲ್ಲಿ ಅದರ ಮೇಲೆ ಮೊದಲ ಹಕ್ಕು ಭಾರತದ್ದು. ಮನೆಗೊಬ್ಬರಂತೆ ಗಲ್ಫಿಗೆ ದುಡಿಯಲು ಹೋದ ನಾಡಿಗೆ ಗಲ್ಫಿನ ಎಣ್ಣೆಯೇ ಬಿಡಾರ ಹೂಡಲು ಬಂದಿದೆ. ಮಾರುವವನಿಗೆ ಗಿರಾಕಿಯ ಅಂಗಳದಲ್ಲೇ ಉಗ್ರಾಣ ಸಿಕ್ಕಿತು, ಕೊಳ್ಳುವವನಿಗೆ ಹಣ ತೊಡಗಿಸದೆ ದಾಸ್ತಾನು ಸಿಕ್ಕಿತು.

ಆದರೂ ಕಂಪೆನಿಗಳ ಟ್ಯಾಂಕುಗಳನ್ನು ಬಿಟ್ಟು ಈ ಮೂರೂ ಕಡೆಯ ಗುಹೆಗಳು ತುಂಬಿದ್ದರೆ ದೇಶದ ಒಂಬತ್ತೂವರೆ ದಿನಗಳ ಅಗತ್ಯವಷ್ಟೇ ಪೂರೈಸುತ್ತದೆ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿನ ಗುಹೆಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿಗೆ ನೀಡಿದ್ದು ಈ ಕೊರತೆಯನ್ನು ಅರಿತೇ.