ಕೈಗಾದಲ್ಲಿ ಯುರೇನಿಯಂ ಬದಲು ಆಂಟಿಮ್ಯಾಟರ್ ಬಳಸಬಹುದಾ?

ಪ್ರಶ್ನೆ: ಸರ್, ಒಂದೇ ಒಂದು ಗ್ರಾಂ ಆಂಟಿಮ್ಯಾಟರ್‌ನಿಂದ ಕೋಟಿಗಟ್ಟಲೆ ಯೂನಿಟ್ ಕರೆಂಟ್ ಬರುತ್ತೆ ಅಂತಾರೆ. ಹಾಗಾದ್ರೆ ಕೈಗಾದಲ್ಲಿ ಅದನ್ನೇ ಬಳಸಬಾರದಾ?
(ಕಾರವಾರದ ಓದುಗರು)

ಕದ್ರಾ, ಕೊಡಸಳ್ಳಿ, ಕೈಗಾ, ಸೀಬರ್ಡ್ ಅಂತ ಒಂದಾದ ಮೇಲೊಂದು ಯೋಜನೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಜಿಲ್ಲೆ ನಮ್ಮದು. ಕಾಡು ಮುಳುಗಿಸದ ಕರೆಂಟ್ ಎಲ್ಲಾದರೂ ಇದೆಯಾ ಅಂತ ಇಲ್ಲಿನವರು ಕೇಳಲೇಬೇಕು.

ನೀವು ಕೇಳಿದ ಲೆಕ್ಕ ಸರಿಯಾಗಿದೆ. ಆಂಟಿಮ್ಯಾಟರ್ ಅಂದರೆ ಪ್ರತಿಕಣಗಳಿಂದಾದ ವಸ್ತು; ಪ್ರತಿಕಣದ ತೂಕ ಮಾಮೂಲಿ ಕಣದಷ್ಟೇ, ಆದರೆ ವಿದ್ಯುದಾವೇಶ ಉಲ್ಟಾ. ಒಂದು ಗ್ರಾಂ ಆಂಟಿಮ್ಯಾಟರ್ ಒಂದು ಗ್ರಾಂ ಮಾಮೂಲಿ ವಸ್ತುವಿಗೆ ತಾಗಿದರೆ ಎರಡೂ ಅಳಿದು ಸುಮಾರು 5 ಕೋಟಿ ಯೂನಿಟ್ ಶಕ್ತಿ ಹೊರಬರುತ್ತದೆ. ಕೈಗಾದ 220 ಮೆಗಾವ್ಯಾಟ್‌ನ ನಾಲ್ಕೂ ಘಟಕಗಳು ಇಷ್ಟು ಕರೆಂಟ್ ಕೊಡಲು ಪೂರ್ತಿ ಎರಡು ದಿನಕ್ಕಿಂತ ಜಾಸ್ತಿ ಓಡಬೇಕು.

ಆದರೆ ಯುರೇನಿಯಂ ನೆಲದಲ್ಲಿ ಸಿಗುತ್ತದೆ, ಆಂಟಿಮ್ಯಾಟರ್‌ಗೆ ಗಣಿ ಇಲ್ಲ. ಅದನ್ನು ಶಕ್ತಿ ಸುರಿದು ನಾವೇ ಮಾಡಬೇಕು. ಶಕ್ತಿಯಿಂದ ಒಂದು ಪ್ರತಿಕಣ ಹುಟ್ಟಿದಾಗ ಜೊತೆಗೊಂದು ಮಾಮೂಲಿ ಕಣವೂ ಹುಟ್ಟುತ್ತದೆ, ಹಾಗಾಗಿ ಒಂದು ಚೂರೂ ಪೋಲಾಗದಿದ್ದರೂ ಆ ಒಂದು ಗ್ರಾಂಗೆ ಮೊದಲು ಅದೇ 5 ಕೋಟಿ ಯೂನಿಟ್ ಹಾಕಲೇಬೇಕು. ಶರಾವತಿ ಕೊಳ್ಳದ ಪಂಪ್ಡ್ ಸ್ಟೋರೇಜ್ ಯೋಜನೆಯ ಚರ್ಚೆ ನಿಮಗೆ ಗೊತ್ತಲ್ವಾ? ಗೇರುಸೊಪ್ಪೆಯ ನೀರನ್ನು ಕರೆಂಟ್ ಖರ್ಚು ಮಾಡಿ ತಲಕಳಲೆಗೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವುದು. ಹಾಕಿದ್ದಕ್ಕಿಂತ ಜಾಸ್ತಿ ವಾಪಸ್ ಬರುವುದಿಲ್ಲ. ಇದೂ ಹಾಗೇ.

ಇನ್ನು ಪೋಲಾಗುವ ವಿಷಯ. ಜಿನೀವಾ ಹತ್ತಿರದ ಸರ್ನ್ ಎಂಬ ಕಣ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಪ್ರೋಟಾನ್‌ಗಳನ್ನು ಭಾರೀ ವೇಗದಲ್ಲಿ ಇರಿಡಿಯಂ ಲೋಹಕ್ಕೆ ಹೊಡೆಸುತ್ತಾರೆ. ಲಕ್ಷಗಟ್ಟಲೆ ಪ್ರೋಟಾನ್ ಹೊಡೆದರೆ ಕೈಗೆ ಸಿಗುವುದು ಒಂದು ಆಂಟಿಪ್ರೋಟಾನ್, ಅಂದರೆ ಪ್ರೋಟಾನ್‌ನ ಪ್ರತಿಕಣ. ಹಾಕಿದ ಶಕ್ತಿಯಲ್ಲಿ ನೂರು ಕೋಟಿಗೆ ಒಂದು ಪಾಲು ಉಳಿಯುತ್ತದೆ ಅಂತ ಧಾರಾಳವಾಗಿಯೇ ಹಿಡಿದರೂ, ಒಂದು ಗ್ರಾಂ ಮಾಡಲು ಇಡೀ ಕೈಗಾ ಸುಮಾರು 65 ಲಕ್ಷ ವರ್ಷ ಓಡಬೇಕು! ಸರ್ನ್‌ನಲ್ಲಿ ಇದುವರೆಗೆ ಮಾಡಿದ್ದೆಲ್ಲ ಸೇರಿಸಿದರೂ ಒಂದು ಬಲ್ಬ್ ಕೆಲವು ನಿಮಿಷ ಉರಿದೀತು, ಅಷ್ಟೇ.

ಇಡುವುದೂ ಕಷ್ಟ. ಪಾತ್ರೆಯ ಗೋಡೆಗೆ ತಾಗಿದರೆ ಮುಗಿಯಿತು, ಅದಕ್ಕೇ ಗಾಳಿಯಿಲ್ಲದ ಜಾಗದಲ್ಲಿ ವಿದ್ಯುತ್ ಮತ್ತು ಕಾಂತಕ್ಷೇತ್ರದಲ್ಲಿ ಹಿಡಿದಿಡುತ್ತಾರೆ. 2011ರಲ್ಲಿ ಆಂಟಿಹೈಡ್ರೋಜನ್ ಪರಮಾಣುಗಳನ್ನು 1,000 ಸೆಕೆಂಡ್ ಹಿಡಿದಿಟ್ಟಿದ್ದೇ ದೊಡ್ಡ ಸುದ್ದಿಯಾಗಿತ್ತು.

ಹಾಗಂತ ಆಂಟಿಮ್ಯಾಟರ್ ಸುಮ್ನೆ ಪ್ರಯೋಗಾಲಯದ ಸರಕು ಅಂದುಕೊಳ್ಳಬೇಡಿ. ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನ್ ನಡೆಯುವುದೇ ಇದರಿಂದ. ರೋಗಿಗೆ ಚುಚ್ಚುವ ಔಷಧಿಯಲ್ಲಿರುವ, ಗಡ್ಡೆಯಲ್ಲಿ ಜಾಸ್ತಿ ಸೇರಿಕೊಳ್ಳುವ ಫ್ಲೋರಿನ್-18 ಎಂಬ ವಿಕಿರಣಶೀಲ ವಸ್ತು ಪಾಸಿಟ್ರಾನ್ ಬಿಡುತ್ತದೆ, ಅಂದರೆ ಎಲೆಕ್ಟ್ರಾನ್‌ನ ಪ್ರತಿಕಣ. ಅದು ಎಲೆಕ್ಟ್ರಾನ್‌ಗೆ ಸಿಕ್ಕಿ ಅಳಿದಾಗ ಎರಡು ಗಾಮಾ ಕಿರಣಗಳು ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಗಡ್ಡೆ ಎಲ್ಲಿದೆ ಅಂತ ಯಂತ್ರಕ್ಕೆ ಗೊತ್ತಾಗುವುದು ಹೀಗೆ. ದೊಡ್ಡ ಆಸ್ಪತ್ರೆ ಬೇಕು ಅಂತ ನಮ್ಮ ಜಿಲ್ಲೆಯವರು ವರ್ಷಗಳಿಂದ ಕೇಳುತ್ತಿದ್ದೇವೆ. ಆ ಬೇಡಿಕೆಯ ಪಟ್ಟಿಯಲ್ಲಿ ಪೆಟ್ ಸ್ಕ್ಯಾನ್ ಕೂಡ ಇರಲಿ ಅಂತ ನನ್ನ ಆಸೆ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತಾ ಹೋಗುತ್ತದೆ, ಹಾಗಾಗಿ ಬೇರೆ ಊರಿನ ಸೈಕ್ಲೋಟ್ರಾನ್‌ನಲ್ಲಿ (ಕಣಗಳಿಗೆ ವೇಗ ಕೊಡುವ ಯಂತ್ರ) ತಯಾರಾದದ್ದು ಕೆಲವೇ ಗಂಟೆಯೊಳಗೆ ಇಲ್ಲಿಗೆ ತಲುಪುವ ವ್ಯವಸ್ಥೆಯನ್ನೂ ಜೊತೆಯಲ್ಲೇ ಕೇಳಬೇಕು.