ಬೈಂಬಳೆ ಕುದಿದ ಮೇಲೆ ಬ್ಯಾಕ್ಟೀರಿಯಾ ಏನಾಗುತ್ತದೆ?

ಕಕ್ಕಡ ಮಾಸದ ಮಳೆ ಹಿಡಿದರೆ ಕೊಡಗಿನ ಅಡುಗೆಮನೆಗಳಲ್ಲಿ ಬೈಂಬಳೆಯ, ಅಂದರೆ ಕಳಲೆಯ (ಬಿದಿರಿನ ಮೊಳಕೆಯ), ಹುಳಿ ಘಾಟು. ಎಳೆ ಕಳಲೆಯ ಸಿಪ್ಪೆ ಸುಲಿದು, ತೆಳ್ಳಗೆ ಹೆಚ್ಚಿ, ಎರಡು-ಮೂರು ದಿನ ನೀರಲ್ಲಿ ನೆನೆಹಾಕುತ್ತಾರೆ. ನೀರು ಮಬ್ಬಾಗಿ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು ಹುಳಿ ವಾಸನೆ ಬಂತೆಂದರೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕೆಲಸಕ್ಕಿಳಿದಿವೆ. ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುದಿಸಿ ಕರಿ ಮಾಡಿದಾಗ ಅವೆಲ್ಲ ಸಾಯುತ್ತವೆ. ಇಡ್ಲಿಯ ಹಬೆಯಲ್ಲೂ ಮಜ್ಜಿಗೆಹುಳಿಯ ಕುದಿಯಲ್ಲೂ ಇದೇ ಗತಿ. ಹಾಗೆ ಸತ್ತವುಗಳಿಂದ ಮೈಗೆ ಏನಾದರೂ ಆದೀತೇ?

ಬಹುಕಾಲ ಇದಕ್ಕೆ ಸಿಗುತ್ತಿದ್ದ ಉತ್ತರ ‘ಇಲ್ಲ’ ಎಂದೇ. ಗಮನವೆಲ್ಲ ಬದುಕಿರುವ ಬ್ಯಾಕ್ಟೀರಿಯಾದ ಮೇಲೆ. 1905ರಲ್ಲಿ ವಿಜ್ಞಾನಿ ಸ್ತಾಮೆನ್ ಗ್ರಿಗೊರೊವ್ ಬಲ್ಗೇರಿಯಾದ ಮೊಸರಿನ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಅದನ್ನು ದೀರ್ಘಾಯುಷ್ಯಕ್ಕೆ ತಳುಕು ಹಾಕಿದರು. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಪ್ರೋಬಯಾಟಿಕ್ ಎಂದರೆ ಆರೋಗ್ಯಕ್ಕೆ ಲಾಭ ಕೊಡುವ ‘ಜೀವಂತ’ ಸೂಕ್ಷ್ಮಜೀವಿ ಎಂದು ಗೆರೆ ಎಳೆದರು. ಸಂಶೋಧನೆಗಳಲ್ಲಿ ಸತ್ತ ಬ್ಯಾಕ್ಟೀರಿಯಾಕ್ಕೆ ಸಿಗುತ್ತಿದ್ದದ್ದು ಹೆಚ್ಚಾಗಿ ಹೋಲಿಕೆಗೆ ಇಡುವ ಸಪ್ಪೆ ಮಾದರಿಯ ಜಾಗ.

ಔಷಧಿ ಅಂಗಡಿಯ ಕತೆ ಬೇರೆಯೇ ಇತ್ತು. ಬಿಸಿಯಿಂದ ಕೊಂದ ಲ್ಯಾಕ್ಟೋಬ್ಯಾಸಿಲಸ್ ಇರುವ ‘ಲ್ಯಾಕ್ಟಿಯಾಲ್’ ದಶಕಗಳಿಂದ ಭೇದಿಗೆ ಬಳಕೆಯಲ್ಲಿದೆ. ಮಕ್ಕಳ ಮೇಲಿನ ಕೆಲವು ಪ್ರಯೋಗಗಳಲ್ಲಿ, ಓಆರ್‌ಎಸ್ ಜೊತೆ ಕೊಟ್ಟಾಗ, ಭೇದಿ ಬೇಗ ನಿಂತಿತು.

ನಿಜವಾದ ತಿರುವು ಬಂದದ್ದು ಅಕ್ಕರ್ಮ್ಯಾನ್ಸಿಯಾದಿಂದ. ಕರುಳಿನ ಲೋಳೆಪದರದಲ್ಲಿ ಬದುಕುವ ಈ ಬ್ಯಾಕ್ಟೀರಿಯಾದ ವಿವರ ಮೊದಲು ಹೊರಬಂದದ್ದು 2004ರಲ್ಲಿ. 2017ರಲ್ಲಿ ಇದನ್ನು 70 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಇಲಿಗಳಿಗೆ ಕೊಟ್ಟಾಗ ಜೀವಂತ ರೂಪಕ್ಕಿಂತ ಹೆಚ್ಚು ಪರಿಣಾಮ ಕಂಡಿತು. ಭಾಗಶಃ ಕಾರಣ ಅದರ ಹೊರಪೊರೆಯ ಒಂದು ಪ್ರೋಟೀನ್: 70 ಡಿಗ್ರಿ ಶಾಖಕ್ಕೂ ಕೆಡದೆ, ನಮ್ಮ ಜೀವಕೋಶದ ಟಿಎಲ್ಆರ್-2 ಎಂಬ ಗ್ರಾಹಿಯನ್ನು ತಟ್ಟುತ್ತದೆ. ಬೀಗಕ್ಕೆ ಬೇಕಿರುವುದು ಕೀಲಿ, ಅದನ್ನು ಹಿಡಿದವನಿಗೆ ಜೀವ ಇದೆಯೇ ಎಂಬುದಲ್ಲ. 2019ರ ಮಾನವ ಪ್ರಯೋಗದಲ್ಲಿ 32 ಮಂದಿ ಮೂರು ತಿಂಗಳು ಪೂರೈಸಿದರು. ದಿನಕ್ಕೆ ಸಾವಿರ ಕೋಟಿ ಸತ್ತ ಕೋಶ ತೆಗೆದುಕೊಂಡವರಲ್ಲಿ ಇನ್ಸುಲಿನ್ ಸ್ಪಂದನೆ ಸುಧಾರಿಸಿ ಒಟ್ಟು ಕೊಲೆಸ್ಟರಾಲ್ ಇಳಿಯಿತು. ತೂಕದ ವ್ಯತ್ಯಾಸ ಖಚಿತ ಎನ್ನುವಷ್ಟಿರಲಿಲ್ಲ. ಇಷ್ಟು ಸಣ್ಣ ಗುಂಪಿನ ಫಲಿತಾಂಶ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಡುವುದು ಅಪಾಯ.

2021ರಲ್ಲಿ ‘ಪೋಸ್ಟ್‌ಬಯಾಟಿಕ್’ ಪದಕ್ಕೆ ತಜ್ಞರು ಅರ್ಥ ಕಟ್ಟಿದರು: ಆರೋಗ್ಯಕ್ಕೆ ಲಾಭ ಕೊಡುವ ನಿರ್ಜೀವ ಸೂಕ್ಷ್ಮಜೀವಿ ಅಥವಾ ಅದರ ಭಾಗಗಳ ತಯಾರಿಕೆ. ಯಾವ ತಳಿ, ಎಷ್ಟು, ಹೇಗೆ ಕೊಂದದ್ದು ಎಂಬ ವಿವರ ಬೇಕು, ಲಾಭವೂ ಸಾಬೀತಾಗಿರಬೇಕು. ಎಣಿಕೆಯ ವಿಧಾನವೇ ಬೇರೆ: ಸತ್ತದ್ದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯದ ಕಾರಣ, ಬೆಳೆದ ಗುಂಪುಗಳನ್ನು ಎಣಿಸುವ ಸಿಎಫ್‌ಯು ಲೆಕ್ಕ ಸೊನ್ನೆ ಬರುತ್ತದೆ, ಲೇಸರ್ ಬೆಳಕಿನ ಮುಂದೆ ಒಂದೊಂದೇ ಕೋಶ ಹಾಯಿಸುವ ಫ್ಲೋ ಸೈಟೋಮೆಟ್ರಿಯಿಂದ ಕೋಶಗಳನ್ನೇ ಎಣಿಸಬೇಕು. ಈ ಅಳತೆಗೋಲು ಹಿಡಿದರೆ ನಮ್ಮ ಬೈಂಬಳೆ ಕರಿಯನ್ನು ಪೋಸ್ಟ್‌ಬಯಾಟಿಕ್ ಎಂದು ಮಾರುವಂತಿಲ್ಲ. ಸತ್ತ ಬ್ಯಾಕ್ಟೀರಿಯಾ ಅದರಲ್ಲಿ ಇರಬಹುದು. ತಳಿ, ಪ್ರಮಾಣ ಎರಡೂ ಮನೆಯಿಂದ ಮನೆಗೆ ಬೇರೆ.

ಬ್ಯಾಕ್ಟೀರಿಯಾ ಉಳಿಯಲೆಂದು ಕಳಲೆಯನ್ನು ಅರೆಬೇಯಿಸಿ ತಿನ್ನುವುದಂತೂ ಬೇಡವೇ ಬೇಡ. ಹಸಿ ಕಳಲೆಯಲ್ಲಿರುವ ಟ್ಯಾಕ್ಸಿಫಿಲಿನ್ ಎಂಬ ರಾಸಾಯನಿಕ ಒಡೆದು ಸೈನೈಡ್ ಬಿಡುತ್ತದೆ. ನೆನೆಸಿ ನೀರು ಚೆಲ್ಲುವುದು, ಮುಚ್ಚಳ ತೆರೆದು ಚೆನ್ನಾಗಿ ಕುದಿಸುವುದು, ಎರಡೂ ಅದಕ್ಕಾಗಿಯೇ.

ಹಾಲು ಜೀರ್ಣವಾಗದವರಿಗೆ ಮಾತ್ರ ಜೀವಂತ ಮೊಸರೇ ಸರಿ. ಅದರ ಬ್ಯಾಕ್ಟೀರಿಯಾ ಲ್ಯಾಕ್ಟೇಸ್ ಕಿಣ್ವವನ್ನು ಒಡಲಲ್ಲಿಟ್ಟುಕೊಂಡು ಸಣ್ಣಕರುಳಿಗೆ ಹೊತ್ತೊಯ್ಯುತ್ತದೆ. ಕುದಿಸಿದರೆ ಕಿಣ್ವವೂ ಹೋಯಿತು. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಹೆಪ್ಪು ಹಿಡಿಯದಿದ್ದರೆ, ಲೀಟರ್ ಹಾಲನ್ನು ಕಾಯಿಸಿ 43 ಡಿಗ್ರಿಗೆ, ಅಂದರೆ ಬೆರಳಿಗೆ ಹಿತವಾದ ಬಿಸಿಗೆ ಇಳಿಸಿ, ಎರಡು ಚಮಚ ಹೊಸ ಹೆಪ್ಪು ಕದಡಿ, ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡಿ. ಹಾಲು ಸುಡುವಂತಿದ್ದರೆ ಹೆಪ್ಪು ಸಾಯುತ್ತದೆ, ತಣ್ಣಗಿದ್ದರೆ ಬೇರೆ ಬ್ಯಾಕ್ಟೀರಿಯಾ ಮೇಲುಗೈ ಸಾಧಿಸಿ ಮೊಸರು ಲೋಳೆಯಾಗಬಹುದು.

ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಜೀವಂತ ಪ್ರೋಬಯಾಟಿಕ್ ಅಪರೂಪಕ್ಕೆ ರಕ್ತದ ಸೋಂಕು ತಂದದ್ದುಂಟು. ಸತ್ತದ್ದು ರಕ್ತದಲ್ಲಿ ಬೆಳೆಯಲಾರದು. ಸತ್ತ ಬ್ಯಾಕ್ಟೀರಿಯಾದ ತಯಾರಿಕೆಗೆ ಫ್ರಿಜ್ ಕೂಡ ಸಾಮಾನ್ಯವಾಗಿ ಬೇಡ, ಗಾಳಿಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದ ತೋಟದ ಮನೆಗಳಿಗೆ ಇದು ಸಣ್ಣ ಅನುಕೂಲವಲ್ಲ.